ಅಪ್‌ಡೇಟ್ ಆದ ಮರುದಿನ ಪೆನ್ನು ಕೈಕೊಟ್ಟರೆ: ಡಿಜಿಟಲ್ ಚಿತ್ರ ಬರೆಯುವವರಿಗೆ

ಮಲೆನಾಡಿನಲ್ಲಿ ಮದುವೆಗಳು ಹೆಚ್ಚಾಗಿ ಮಳೆ ಹಿಡಿಯುವ ಮೊದಲೇ ಮುಗಿಯುತ್ತವೆ. ಆದ್ದರಿಂದ ಆಮಂತ್ರಣ ಪತ್ರಿಕೆಗಳಿಗೆ ಚಿತ್ರ ಬರೆಯುವ ನನ್ನಂಥವರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಡುವು ಸಿಗುವುದಿಲ್ಲ. ಅಂಥ ಒಂದು ಮೇ ತಿಂಗಳಲ್ಲಿ ನಾನು ಸಾಗರದ ಕಡೆಯ ಮನೆಯೊಂದರ ಮದುವೆಗೆ ಹಸೆ ಚಿತ್ತಾರದ ಅಂಚು ಬರೆಯುತ್ತಿದ್ದೆ. ರಾತ್ರಿ ಲ್ಯಾಪ್‌ಟಾಪನ್ನು ಆರಿಸದೆ ಮಲಗಿದ್ದೆ. ಬೆಳಿಗ್ಗೆ ನೋಡಿದಾಗ ಅದು ತಾನಾಗಿ ಅಪ್‌ಡೇಟ್ ಮಾಡಿಕೊಂಡು ಮತ್ತೆ ಶುರುವಾಗಿತ್ತು, ಮತ್ತು ಪೆನ್ನನ್ನು ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪಕ್ಕೆ ಬೀಳುತ್ತಿತ್ತು. ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಲ್ಯಾಪ್‌ಟಾಪ್‌ಗೆ ಜೋಡಿಸಿದ ಪೆನ್ ಟ್ಯಾಬ್ಲೆಟ್‌ನ (ಪೆನ್ನಿನಿಂದ ಚಿತ್ರ ಬರೆಯುವ ಹಲಗೆಯ) ಡ್ರೈವರನ್ನು, ಎಂದರೆ ಅದನ್ನು ಕಂಪ್ಯೂಟರ್‌ನೊಂದಿಗೆ ಬೆಸೆಯುವ ಪ್ರೋಗ್ರಾಂ ಅನ್ನು, ಕಿತ್ತುಹಾಕಿದ್ದು. ಅದನ್ನು ಮತ್ತೆ ಇಳಿಸಿಕೊಳ್ಳಲು ಹೋದಾಗ, ಹಿಂದಿನ ಸಂಜೆಯ ಗುಡುಗುಮಳೆಗೆ ಮೊಬೈಲ್ ಟವರ್ ನಿಂತುಹೋಗಿದೆಯೆಂಬುದು ತಿಳಿಯಿತು. ಒಂದೂವರೆ ದಿನ ಕಳೆದ ಮೇಲೆ ಗೊತ್ತಾದದ್ದು ಇಷ್ಟು: ಡ್ರೈವರ್‌ನಲ್ಲಿ ಯಾವ ದೋಷವೂ ಇರಲಿಲ್ಲ, ಸೆಟ್ಟಿಂಗ್‌ನ ಒಂದು ಟಿಕ್ ಗುರುತು ಮಾತ್ರ ಬದಲಾಗಿತ್ತು.

ಆ ಒಂದೂವರೆ ದಿನವನ್ನು ನುಂಗಿದ್ದು ಅಪ್‌ಡೇಟ್ ಅಲ್ಲ, ನಾನು ಹಿಡಿದ ತಪ್ಪು ಕ್ರಮ. ಪೆನ್ನಿನ ತುದಿಯಿಂದ ಪರದೆಯ ಗೆರೆಯವರೆಗೆ ಹಲವು ಕೊಂಡಿಗಳಿವೆ. ಅಪ್‌ಡೇಟ್ ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನು ಮಾತ್ರ ಸಡಿಲಿಸುತ್ತದೆ. ಯಾವ ಕೊಂಡಿ ಸಡಿಲಿತು ಎಂಬುದನ್ನು ಮೊದಲು ಗುರುತಿಸಿ, ಅದೊಂದನ್ನೇ ಮುಟ್ಟಿದರೆ ಹೆಚ್ಚಿನ ತೊಂದರೆಗಳು ಅರ್ಧ ಗಂಟೆಯಲ್ಲಿ ಪರಿಹಾರವಾಗುತ್ತವೆ. ಆ ಗುರುತಿಸುವ ವಿಧಾನವನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಕೊಂಡಿಗಳು ಯಾವುವು?

ವಾಕಮ್, ಹುಯಿಯಾನ್, ಎಕ್ಸ್‌ಪಿ-ಪೆನ್ ಮುಂತಾದ ಇಂದಿನ ಪೆನ್ ಟ್ಯಾಬ್ಲೆಟ್‌ಗಳಲ್ಲಿ ಪೆನ್ನಿಗೆ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಟ್ಯಾಬ್ಲೆಟ್‌ನ ಒಳಗಿನ ತಂತಿಜಾಲವು ವಿದ್ಯುತ್ಕಾಂತೀಯ ಅಲೆಯನ್ನು ಹೊರಡಿಸುತ್ತದೆ. ಪೆನ್ನಿನೊಳಗಿನ ಸುರುಳಿಯು ಅದರಿಂದಲೇ ಶಕ್ತಿ ಪಡೆದು ಮರುದನಿ ಕೊಡುತ್ತದೆ. ಆ ಮರುದನಿಯಿಂದ ಪೆನ್ನು ಎಲ್ಲಿದೆ ಮತ್ತು ಎಷ್ಟು ಒತ್ತಿದೆ ಎಂಬುದನ್ನು ಟ್ಯಾಬ್ಲೆಟ್ ಲೆಕ್ಕ ಹಾಕುತ್ತದೆ. ಒತ್ತಡವನ್ನು ಮಾದರಿಗೆ ತಕ್ಕಂತೆ 2048, 4096, 8192 ಅಥವಾ 16384 ಹಂತಗಳಲ್ಲಿ ಅಳೆಯಲಾಗುತ್ತದೆ. ಈ ಲೆಕ್ಕ ನಡೆಯುವುದು ಟ್ಯಾಬ್ಲೆಟ್‌ನ ಒಳಗೆ. ಕಂಪ್ಯೂಟರ್‌ಗೆ ಬಂದ ಅಪ್‌ಡೇಟ್ ಅಲ್ಲಿಯವರೆಗೆ ತಲುಪುವುದಿಲ್ಲ. ಆದ್ದರಿಂದ ಅಪ್‌ಡೇಟ್ ಆದ ಮಾತ್ರಕ್ಕೆ ಪೆನ್ನು ಕೆಟ್ಟಿತೆಂದು ಹೊಸ ಪೆನ್ನು ಕೊಳ್ಳಲು ಹೋಗಬೇಡಿ.

ಟ್ಯಾಬ್ಲೆಟ್ ಕಳಿಸಿದ ಅಂಕಿಗಳನ್ನು ಮೊದಲು ಡ್ರೈವರ್ ಓದುತ್ತದೆ, ಆಮೇಲೆ ಅವು ಆಪರೇಟಿಂಗ್ ಸಿಸ್ಟಂ ಮೂಲಕ ಚಿತ್ರ ಬರೆಯುವ ಆ್ಯಪ್‌ಗೆ ಹೋಗುತ್ತವೆ, ಕೊನೆಯಲ್ಲಿ ಆ ಆ್ಯಪ್‌ನೊಳಗಿನ ಬ್ರಷ್ ಆ ಒತ್ತಡವನ್ನು ಗೆರೆಯ ದಪ್ಪವಾಗಿ ಬದಲಿಸುತ್ತದೆ. ವಿಂಡೋಸ್‌ನಲ್ಲಿ ಡ್ರೈವರ್‌ನಿಂದ ಆ್ಯಪ್‌ಗೆ ಹೋಗುವ ದಾರಿಗಳು ಎರಡು, ಮತ್ತು ನಮ್ಮ ಹೆಚ್ಚಿನ ಸಂಕಟಗಳು ಹುಟ್ಟುವುದು ಇಲ್ಲಿಯೇ. ಮೊದಲನೆಯದು 1990ರ ದಶಕದಿಂದ ಬಂದಿರುವ ವಿನ್‌ಟ್ಯಾಬ್. ಎರಡನೆಯದು ಮೈಕ್ರೋಸಾಫ್ಟ್‌ನದೇ ಆದ ವ್ಯವಸ್ಥೆ. 2016ರ ವಿಂಡೋಸ್ 10 ಆ್ಯನಿವರ್ಸರಿ ಅಪ್‌ಡೇಟ್‌ನಿಂದ ಈಚೆಗೆ ಅದನ್ನು ನಾವೆಲ್ಲ ವಿಂಡೋಸ್ ಇಂಕ್ ಎಂಬ ಹೆಸರಿನಿಂದ ಬಲ್ಲೆವು. ಡ್ರೈವರ್ ಒಂದು ದಾರಿಯಲ್ಲಿ ಅಂಕಿ ಕಳಿಸುತ್ತಿದ್ದು, ಆ್ಯಪ್ ಇನ್ನೊಂದು ದಾರಿಯಲ್ಲಿ ಕಾಯುತ್ತ ಕುಳಿತರೆ, ಕರ್ಸರ್ ಓಡಾಡುತ್ತದೆ, ಗೆರೆಯೂ ಬೀಳುತ್ತದೆ, ಆದರೆ ಒತ್ತಡ ಮಾತ್ರ ಬರುವುದಿಲ್ಲ. ಆ ಮೇ ತಿಂಗಳಲ್ಲಿ ನನಗಾದದ್ದು ಇದೇ.

ಮೊದಲು ಪರೀಕ್ಷಾ ಹಾಳೆ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಒಂದು ಹೊಸ ಹಾಳೆ ತೆರೆದು ಕೆಲವು ಗೆರೆಗಳನ್ನು ಎಳೆಯಿರಿ. ಇದಕ್ಕೆ ನಾನು ಬಳಸುವುದು ಹಸೆ ಚಿತ್ತಾರದ ಎಳೆಗಳನ್ನು. ಸಾಗರ, ಸೊರಬದ ಸುತ್ತಿನ ದೀವರ ಮನೆಗಳ ಗೋಡೆಯಲ್ಲಿ ಚಿತ್ತಾರಗಿತ್ತಿಯರು ಪುಂಡಿ ನಾರಿನ ಕುಂಚದಿಂದ, ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆಯುವ ಆ ನೇರ ಗೆರೆಗಳಿಗೆ ಒಂದು ಗುಣವಿದೆ: ಅವು ತೆಳುವಾಗಿರುತ್ತವೆ, ಒಂದರ ಪಕ್ಕಕ್ಕೆ ಒಂದು ಸಮಾನ ಅಂತರದಲ್ಲಿ ಸಾಗುತ್ತವೆ, ಓರೆಯಾಗಿ ಪರಸ್ಪರ ಕತ್ತರಿಸಿಕೊಳ್ಳುತ್ತವೆ. ನಿಧಾನವಾಗಿ ಎಳೆದ ಓರೆ ಗೆರೆಯು ಪೆನ್ನಿನ ನಡುಕವನ್ನು ಬಚ್ಚಿಡಲಾರದು. ಸಮಾನಾಂತರದ ಗೆರೆಗಳು ಕರ್ಸರ್ ಪಕ್ಕಕ್ಕೆ ಸರಿದಿರುವುದನ್ನು ತಕ್ಷಣ ತೋರಿಸಿಕೊಡುತ್ತವೆ. ಇವುಗಳ ಕೆಳಗೆ, ಮೆಲ್ಲಗೆ ಶುರುವಾಗಿ ನಡುವೆ ಬಲವಾಗಿ ಒತ್ತಿ ಮತ್ತೆ ಹಗುರವಾಗುವ ನಾಲ್ಕಾರು ಬಳ್ಳಿಗೆರೆಗಳನ್ನು ಎಳೆಯಿರಿ. ಒತ್ತಡದ ಪರೀಕ್ಷೆ ಇವುಗಳಿಂದ ಆಗುತ್ತದೆ. ಕೊನೆಗೆ ಬೇಗ ಬೇಗ ಇಪ್ಪತ್ತು ಚುಕ್ಕೆ ಇಡಿ. ಪರೀಕ್ಷೆಗೆ ಇಷ್ಟು ಸಾಕು. ಇದೇ ಹಾಳೆಯನ್ನು ಬೇರೊಂದು ಆ್ಯಪ್‌ನಲ್ಲಿಯೂ ಒಮ್ಮೆ ಬರೆದು ನೋಡಬೇಕು. ಉಚಿತವಾಗಿ ಸಿಗುವ ಕ್ರಿತಾವನ್ನು ನೀವು ದಿನವೂ ಬಳಸದಿದ್ದರೂ ಇದಕ್ಕಾಗಿ ಇಟ್ಟುಕೊಂಡಿರುವುದು ಒಳ್ಳೆಯದು, ಏಕೆಂದರೆ ಅದರ ಟ್ಯಾಬ್ಲೆಟ್ ಸೆಟ್ಟಿಂಗ್‌ಗಳಲ್ಲಿ ಒತ್ತಡದ ಅಂಕಿಯನ್ನೇ ತೋರಿಸುವ ಟ್ಯಾಬ್ಲೆಟ್ ಟೆಸ್ಟರ್ ಇದೆ.

ಈಗ ಹಾಳೆಯನ್ನು ಓದುವ ಬಗೆ. ಪೆನ್ನಿಗೆ ಕರ್ಸರ್ ಚಲಿಸುವುದೇ ಇಲ್ಲವೆಂದರೆ ಡ್ರೈವರ್ ಓಡುತ್ತಿಲ್ಲ ಅಥವಾ ಕೇಬಲ್ ಸಡಿಲವಾಗಿದೆ. ಕರ್ಸರ್ ಚಲಿಸುತ್ತದೆ, ಆದರೆ ಯಾವ ಆ್ಯಪ್‌ನಲ್ಲಿಯೂ ಒತ್ತಡ ಬರುತ್ತಿಲ್ಲವೆಂದರೆ ಡ್ರೈವರ್‌ನ ಕಡೆ ನೋಡಬೇಕು. ಒಂದು ಆ್ಯಪ್‌ನಲ್ಲಿ ಒತ್ತಡ ಬಂದು ಇನ್ನೊಂದರಲ್ಲಿ ಬರದಿದ್ದರೆ ಡ್ರೈವರನ್ನು ಮುಟ್ಟಲೇಬೇಡಿ. ಎರಡು ದಾರಿಗಳ ಹೊಂದಾಣಿಕೆ ತಪ್ಪಿದೆ, ಅಷ್ಟೆ. ಒಂದೇ ಆ್ಯಪ್‌ನೊಳಗೆ ಒಂದು ಬ್ರಷ್‌ಗೆ ಒತ್ತಡ ಬಂದು ಇನ್ನೊಂದಕ್ಕೆ ಬರದಿದ್ದರೆ ಅದು ಬ್ರಷ್‌ನದೇ ಸೆಟ್ಟಿಂಗ್. ಆ್ಯಪ್‌ನ ಹೊಸ ಆವೃತ್ತಿ ಬಂದಾಗ ಬ್ರಷ್‌ಗಳು ಮೂಲ ಸ್ಥಿತಿಗೆ ಮರಳಿರಬಹುದು.

ಗೆರೆಯ ಆರಂಭದ ತುಣುಕು ಕಾಣೆಯಾಗುತ್ತಿದ್ದರೆ, ಅಥವಾ ಪೆನ್ನನ್ನು ಒಂದು ಕ್ಷಣ ಊರಿದಾಗ ಸುತ್ತಲೂ ಒಂದು ಉಂಗುರ ಮೂಡಿ ಮೆನು ತೆರೆದುಕೊಳ್ಳುತ್ತಿದ್ದರೆ, ಅದು ಒತ್ತಿ ಹಿಡಿದರೆ ರೈಟ್ ಕ್ಲಿಕ್ ಎಂದು ತಿಳಿಯುವ ವಿಂಡೋಸ್‌ನ ಸೌಲಭ್ಯ. ಚುಕ್ಕೆಗಳ ಸಾಲಿನಲ್ಲಿ ಕೆಲವು ಚುಕ್ಕೆಗಳು ಬೀಳದೆ ಹೋಗುವುದೂ ಹೆಚ್ಚಾಗಿ ಇದರಿಂದಲೇ. ಗೆರೆ ಎಳೆಯಲು ಹೋದಾಗ ಪುಟವೇ ಮೇಲೆ ಕೆಳಗೆ ಜಾರುತ್ತಿದ್ದರೆ, ಪೆನ್ನನ್ನು ಬೆರಳಿನಂತೆ ಭಾವಿಸುವ ವರ್ತನೆ ಚಾಲ್ತಿಯಲ್ಲಿದೆ ಎಂದರ್ಥ. ವಿಂಡೋಸ್ 10ರ 2017ರ ಫಾಲ್ ಕ್ರಿಯೇಟರ್ಸ್ ಅಪ್‌ಡೇಟ್‌ನಲ್ಲಿ ಈ ವರ್ತನೆ ಬಂದಾಗ ಪೆನ್ನನ್ನೇ ನಂಬಿ ಕೆಲಸ ಮಾಡುತ್ತಿದ್ದವರಿಗೆ ಬಹಳ ತೊಂದರೆಯಾಯಿತು. ಪೆನ್ನಿನ ತುದಿಗೂ ಗೆರೆ ಬೀಳುವ ಜಾಗಕ್ಕೂ ಅಂತರ ಬಿದ್ದಿದ್ದರೆ, ಪರದೆಯ ಸ್ಕೇಲಿಂಗ್ ಅಥವಾ ಎರಡನೆಯ ಮಾನಿಟರ್‌ನ ಕ್ರಮ ಬದಲಾಗಿದೆ. ಡ್ರೈವರ್‌ನ ಮ್ಯಾಪಿಂಗ್ ವಿಭಾಗದಲ್ಲಿ ಸರಿಯಾದ ಪರದೆಯನ್ನು ಆರಿಸಿ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು. ಗೆರೆ ಸರಿಯಾಗಿ ಬಿದ್ದರೂ ಪೆನ್ನಿನ ಹಿಂದೆ ತಡವಾಗಿ ಬರುತ್ತಿದ್ದರೆ ಪೆನ್ನಿನ ಡ್ರೈವರ್‌ಗಿಂತ ಡಿಸ್‌ಪ್ಲೇ ಡ್ರೈವರ್‌ನ ಮೇಲೆ ಅನುಮಾನ ಪಡಿ. ಕ್ರಿತಾದಲ್ಲಿ ಗ್ರಾಫಿಕ್ಸ್ ಆ್ಯಕ್ಸಲರೇಶನ್ ತೆಗೆದು, ಅಥವಾ ಚಿತ್ರವನ್ನು ಪರದೆಗೆ ತರುವ ಎರಡು ವಿಧಾನಗಳಾದ ಆ್ಯಂಗಲ್ ಮತ್ತು ಓಪನ್‌ಜಿಎಲ್ ನಡುವೆ ಬದಲಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಓರೆ ಗೆರೆಗಳಲ್ಲಿ ನಡುಕ ಕಂಡಾಗ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಈ ದೋಷವನ್ನು ಅನ್ಯಾಯವಾಗಿ ಅಪ್‌ಡೇಟ್‌ನ ತಲೆಗೆ ಕಟ್ಟುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಡಿಕೆ ತೋಟದ ನಡುವಿನ ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿಯಿಲ್ಲದಿರುವುದು, ಚಾರ್ಜರ್ ಅನ್ನು ಎರಡು ಪಿನ್ನಿನ ಪ್ಲಗ್‌ಗೆ ಸಿಕ್ಕಿಸಿರುವುದು, ಇನ್ವರ್ಟರ್ ಮೇಲೆ ಕೆಲಸ ಮಾಡುವುದು ಸಾಮಾನ್ಯ. ಆಗ ವಿದ್ಯುತ್ತಿನ ಗದ್ದಲ ಟ್ಯಾಬ್ಲೆಟ್‌ನ ಅಲೆಯೊಂದಿಗೆ ಬೆರೆತು ಗೆರೆ ನಡುಗಬಹುದು. ಪರೀಕ್ಷೆ ಸುಲಭ: ಚಾರ್ಜರ್ ತೆಗೆದು, ಬರಿಯ ಬ್ಯಾಟರಿಯ ಮೇಲೆ ಅದೇ ಓರೆ ಗೆರೆಯನ್ನು ಮತ್ತೆ ಎಳೆಯಿರಿ. ನಡುಕ ನಿಂತರೆ ನಿಮಗೆ ಬೇಕಾದದ್ದು ಎಲೆಕ್ಟ್ರಿಷಿಯನ್, ಡ್ರೈವರ್ ಅಲ್ಲ. ಹಾಗೆಯೇ ಮಳೆಗಾಲದ ಥಂಡಿಯಲ್ಲಿ ಅಂಗೈ ಒದ್ದೆಯಾಗಿ, ಸ್ಪರ್ಶ ಗುರುತಿಸುವ ಪರದೆಯ ಮೇಲೆ ಅಡ್ಡಾದಿಡ್ಡಿ ಕಲೆಗಳು ಬೀಳುತ್ತಿದ್ದರೆ, ಟಚ್ ಸೌಲಭ್ಯವನ್ನು ಆಫ್ ಮಾಡಿ ನೋಡಿ. ಕನ್ನಡ ಕೀಬೋರ್ಡ್ ಚಾಲ್ತಿಯಲ್ಲಿರುವಾಗ ಬ್ರಷ್, ಎರೇಸರ್‌ಗಳಿಗಿರುವ ಒಂದಕ್ಷರದ ಶಾರ್ಟ್‌ಕಟ್‌ಗಳು ಕೆಲಸ ಮಾಡದಿರುವುದೂ ಉಂಟು. ಪೆನ್ನಿನ ಪಕ್ಕದ ಗುಂಡಿಗೆ ಅಂಥ ಶಾರ್ಟ್‌ಕಟ್ ಕೊಟ್ಟಿದ್ದರೆ ಗುಂಡಿಯೇ ಕೆಟ್ಟಂತೆ ತೋರುತ್ತದೆ. ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿ ಒತ್ತಿದರೆ ನಿಜ ತಿಳಿಯುತ್ತದೆ.

ವಿಂಡೋಸ್‌ನಲ್ಲಿ ರಿಪೇರಿಯ ಕ್ರಮ

ಇಲ್ಲಿ ಹೇಳುವ ಪ್ರತಿಯೊಂದು ಹೆಜ್ಜೆಯ ನಂತರವೂ ಪರೀಕ್ಷಾ ಹಾಳೆಯನ್ನು ಮತ್ತೆ ಬರೆಯಬೇಕು, ಮತ್ತು ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಬಾರದು. ಎರಡನ್ನು ಒಟ್ಟಿಗೆ ಮಾಡಿದರೆ ತೊಂದರೆ ನಿವಾರಣೆಯಾದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಚ್ಚುವುದು ಇದಕ್ಕೆ ಸಮವಲ್ಲ: ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗದ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಮರಳಿ ಅದನ್ನೇ ತೆರೆಯುತ್ತದೆ, ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಅದರಿಂದ ಸರಿಹೋಗದಿದ್ದರೆ, ವಾಕಮ್ ಬಳಸುವವರು ಸರ್ವೀಸಸ್ ಪಟ್ಟಿಯನ್ನು ತೆರೆದು ‘ವಾಕಮ್ ಪ್ರೊಫೆಷನಲ್ ಸರ್ವೀಸ್’ ಎಂಬುದನ್ನು ರೀಸ್ಟಾರ್ಟ್ ಮಾಡಬಹುದು. ಉಳಿದವರು ಟಾಸ್ಕ್‌ಬಾರ್‌ನ ಮೂಲೆಯಲ್ಲಿರುವ ಟ್ಯಾಬ್ಲೆಟ್‌ನ ಪ್ರೋಗ್ರಾಂ ಅನ್ನು ಮುಚ್ಚಿ ಮತ್ತೆ ತೆರೆಯಬೇಕು. ಕೇಬಲನ್ನು ಹಬ್‌ನಿಂದ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸುವುದನ್ನು ಮರೆಯಬೇಡಿ.

ಎರಡನೆಯದು ಆ ಟಿಕ್ ಗುರುತು. ವಾಕಮ್, ಹುಯಿಯಾನ್, ಎಕ್ಸ್‌ಪಿ-ಪೆನ್ ಮೂರರ ಸೆಟ್ಟಿಂಗ್‌ಗಳಲ್ಲಿಯೂ ವಿಂಡೋಸ್ ಇಂಕ್ ಎಂಬ ಆಯ್ಕೆ ಇರುತ್ತದೆ. ಅದಕ್ಕೆ ಟಿಕ್ ಇದ್ದರೆ ಆ್ಯಪ್ ಕೂಡ ವಿಂಡೋಸ್ ಇಂಕ್‌ನ ದಾರಿಯಲ್ಲಿರಬೇಕು, ಟಿಕ್ ಇಲ್ಲದಿದ್ದರೆ ಆ್ಯಪ್ ವಿನ್‌ಟ್ಯಾಬ್ ದಾರಿಯಲ್ಲಿರಬೇಕು. ಕ್ರಿತಾದಲ್ಲಿ ‘ಕಾನ್ಫಿಗರ್ ಕ್ರಿತಾ’ದ ಟ್ಯಾಬ್ಲೆಟ್ ಸೆಟ್ಟಿಂಗ್‌ಗಳಲ್ಲಿ ಈ ಎರಡರ ನಡುವೆ ಆರಿಸಿಕೊಂಡು ಕ್ರಿತಾವನ್ನು ಮುಚ್ಚಿ ತೆರೆಯಬೇಕು. ಕ್ಲಿಪ್ ಸ್ಟುಡಿಯೋ ಪೇಂಟ್‌ನಲ್ಲಿ ಪ್ರಿಫರೆನ್ಸಸ್‌ನ ಟ್ಯಾಬ್ಲೆಟ್ ವಿಭಾಗದಲ್ಲಿ ‘ವಿನ್‌ಟ್ಯಾಬ್’ ಮತ್ತು ‘ಟ್ಯಾಬ್ಲೆಟ್ ಪಿಸಿ’ ಎಂಬ ಎರಡು ಆಯ್ಕೆಗಳಿವೆ. ಎರಡನೆಯದೇ ವಿಂಡೋಸ್ ಇಂಕ್‌ಗೆ ಹೊಂದುವಂಥದು. ಫೋಟೋಶಾಪ್ ತಾನಾಗಿ ಹಿಡಿಯುವುದು ವಿಂಡೋಸ್ ಇಂಕ್‌ನ ದಾರಿಯನ್ನು, ಆದ್ದರಿಂದ ಫೋಟೋಶಾಪ್ ಬಳಸುವವರು ಟಿಕ್ ತೆಗೆದರೆ ಒತ್ತಡ ಹೋಗುತ್ತದೆ. ಎರಡು ಮೂರು ಆ್ಯಪ್‌ಗಳನ್ನು ಒಟ್ಟಿಗೆ ಬಳಸುವವರಿಗೆ ನನ್ನ ಸಲಹೆ ಎಂದರೆ ಟಿಕ್ ಇರಗೊಟ್ಟು, ಎಲ್ಲ ಆ್ಯಪ್‌ಗಳನ್ನೂ ವಿಂಡೋಸ್ ಇಂಕ್‌ಗೆ ಹೊಂದಿಸಿಕೊಳ್ಳುವುದು. ವಿನ್‌ಟ್ಯಾಬ್‌ನಲ್ಲಿ ಗೆರೆ ಹೆಚ್ಚು ಹಗುರವಾಗಿ ಬರುತ್ತದೆನ್ನುವವರಿದ್ದಾರೆ. ಒಂದೇ ಆ್ಯಪ್ ಬಳಸುವವರು ಹಾಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಮುಖ್ಯವಾದದ್ದು ಎರಡೂ ಕಡೆ ಒಂದೇ ದಾರಿ ಇರುವುದು.

ಉಂಗುರ ಮೂಡುವ ತೊಂದರೆಗೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಪೆನ್ ಆ್ಯಂಡ್ ಟಚ್’ ತೆರೆದು, ‘ಪ್ರೆಸ್ ಆ್ಯಂಡ್ ಹೋಲ್ಡ್’ ಎಂಬುದರ ಸೆಟ್ಟಿಂಗ್‌ನಲ್ಲಿ ರೈಟ್ ಕ್ಲಿಕ್‌ನ ಟಿಕ್ ತೆಗೆಯಬೇಕು. ಪುಟ ಜಾರುವ ತೊಂದರೆಗೆ ಸೆಟ್ಟಿಂಗ್ಸ್‌ನ ‘ಪೆನ್ ಆ್ಯಂಡ್ ವಿಂಡೋಸ್ ಇಂಕ್’ ವಿಭಾಗದಲ್ಲಿ ಪೆನ್ನನ್ನು ಮೌಸ್‌ನಂತೆ ವರ್ತಿಸಲು ಬಿಡುವ ಆಯ್ಕೆಯನ್ನು ಹುಡುಕಿ ಹಚ್ಚಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಡ್ರೈವರ್‌ನ ಸರದಿ. ಇಲ್ಲೊಂದು ಕಾರಣವನ್ನು ತಿಳಿದಿರಬೇಕು. ವಿಂಡೋಸ್‌ನ ಸಿಸ್ಟಂ ಫೋಲ್ಡರ್‌ನಲ್ಲಿ ವಿನ್‌ಟ್ಯಾಬ್32 ಎಂಬ ಹೆಸರಿನ ಒಂದೇ ಒಂದು ಕಡತಕ್ಕೆ ಜಾಗವಿರುತ್ತದೆ, ಮತ್ತು ಪ್ರತಿಯೊಂದು ಕಂಪನಿಯ ಡ್ರೈವರೂ ತನ್ನ ಕಡತವನ್ನು ಅದೇ ಜಾಗದಲ್ಲಿ ಇಡುತ್ತದೆ. ಹಳೆಯ ಟ್ಯಾಬ್ಲೆಟ್ ಮಾರಿ ಬೇರೆ ಕಂಪನಿಯದನ್ನು ಕೊಂಡವರ ಕಂಪ್ಯೂಟರ್‌ನಲ್ಲಿ ಎರಡು ಡ್ರೈವರ್‌ಗಳು ಉಳಿದಿದ್ದರೆ, ಒಂದಕ್ಕೆ ಅಪ್‌ಡೇಟ್ ಬಂದಾಗ ಇನ್ನೊಂದರ ಕಡತ ಅಳಿಸಿಹೋಗುತ್ತದೆ. ಆದ್ದರಿಂದ ಸ್ಥಾಪಿತ ಪ್ರೋಗ್ರಾಂಗಳ ಪಟ್ಟಿಯಲ್ಲಿ ಬಳಕೆಯಿಲ್ಲದ ಟ್ಯಾಬ್ಲೆಟ್‌ನ ಹೆಸರು ಕಂಡರೆ ಮೊದಲು ಅದನ್ನು ತೆಗೆದುಹಾಕಿ. ನಂತರ ನಿಮ್ಮ ಡ್ರೈವರ್‌ನ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆದಿಟ್ಟು, ಅದರ ಇನ್‌ಸ್ಟಾಲರ್ ನಿಮ್ಮ ಪೆನ್‌ಡ್ರೈವ್‌ನಲ್ಲಿ ನಿಜವಾಗಿಯೂ ಇದೆ, ತೆರೆದುಕೊಳ್ಳುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅನ್‌ಇನ್‌ಸ್ಟಾಲ್ ಮಾಡಿ, ಟ್ಯಾಬ್ಲೆಟ್‌ನ ಕೇಬಲ್ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಸ್ಥಾಪಿಸಿ. ಹೊಸ ಆವೃತ್ತಿಯೇ ಒಳ್ಳೆಯದೆಂದು ಭಾವಿಸಬೇಕಾಗಿಲ್ಲ. ಹಿಂದಿನ ವಾರದವರೆಗೆ ಸರಿಯಾಗಿ ಓಡಿದ ಆವೃತ್ತಿಯೇ ನಿಮ್ಮ ಯಂತ್ರಕ್ಕೆ ಒಪ್ಪುವ ಆವೃತ್ತಿ.

ಕೊನೆಯ ಉಪಾಯ ಅಪ್‌ಡೇಟನ್ನೇ ಹಿಂದಕ್ಕೆ ತೆಗೆಯುವುದು. ವಿಂಡೋಸ್ ಅಪ್‌ಡೇಟ್‌ನ ಇತಿಹಾಸದ ಪುಟದಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ತಿಂಗಳ ಸಣ್ಣ ಅಪ್‌ಡೇಟ್‌ಗಳನ್ನು ಅಲ್ಲಿಂದ ತೆಗೆಯಬಹುದು. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯಾಗಿದ್ದರೆ ರಿಕವರಿ ವಿಭಾಗದ ‘ಗೋ ಬ್ಯಾಕ್’ ಸಾಮಾನ್ಯವಾಗಿ 10 ದಿನ ಮಾತ್ರ ಇರುತ್ತದೆ, ಮತ್ತು ಆ ಅವಧಿಯಲ್ಲಿ ಜಾಗ ಮಾಡಿಕೊಳ್ಳಲೆಂದು ಡಿಸ್ಕ್ ಕ್ಲೀನಪ್‌ನಿಂದ ಹಿಂದಿನ ವಿಂಡೋಸ್‌ನ ಕಡತಗಳನ್ನು ಅಳಿಸಿದರೆ ಆ ಬಾಗಿಲೂ ಮುಚ್ಚುತ್ತದೆ. ಹೀಗೆ ತೆಗೆದ ಅಪ್‌ಡೇಟ್‌ನಲ್ಲಿ ಭದ್ರತೆಯ ತಿದ್ದುಪಡಿಗಳೂ ಇರುತ್ತವೆ. ಒಪ್ಪಿಕೊಂಡ ಕೆಲಸ ಮುಗಿದ ಕೂಡಲೇ ಅದನ್ನು ಮತ್ತೆ ಹಾಕಿಕೊಳ್ಳಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಟ್ಯಾಬ್ಲೆಟ್‌ಗಾಗಿ ಹಳೆಯ ವಿಂಡೋಸನ್ನು ಉಳಿಸಿಕೊಂಡವರು ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದು ಒಳ್ಳೆಯದು.

ಮ್ಯಾಕ್, ಐಪ್ಯಾಡ್, ಗ್ಯಾಲಕ್ಸಿ, ಲಿನಕ್ಸ್

ಮ್ಯಾಕ್‌ನಲ್ಲಿ ದೋಷ ಹೆಚ್ಚಾಗಿ ಇರುವುದು ಅನುಮತಿಗಳಲ್ಲಿ. ಮ್ಯಾಕ್‌ಓಎಸ್‌ನ 2018ರ ಮೊಹಾವಿ ಮತ್ತು 2019ರ ಕ್ಯಾಟಲಿನಾ ಆವೃತ್ತಿಗಳಿಂದ ಈಚೆಗೆ, ಡ್ರೈವರ್ ಕೆಲಸ ಮಾಡಬೇಕಾದರೆ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗದ ‘ಆ್ಯಕ್ಸೆಸಿಬಿಲಿಟಿ’ ಮತ್ತು ‘ಇನ್‌ಪುಟ್ ಮಾನಿಟರಿಂಗ್’ ಪಟ್ಟಿಗಳಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಅಪ್‌ಡೇಟ್ ನಂತರ ಅಲ್ಲಿ ಒಪ್ಪಿಗೆ ಇರುವಂತೆ ಕಂಡರೂ ಕೆಲಸ ಮಾಡದಿರುವ ಸಂದರ್ಭಗಳಿವೆ. ಆ ಹೆಸರನ್ನು ಪಟ್ಟಿಯಿಂದ ಪೂರ್ತಿ ತೆಗೆದು, ಮತ್ತೆ ಸೇರಿಸಿ, ರೀಸ್ಟಾರ್ಟ್ ಮಾಡಬೇಕು. ಕ್ಯಾಟಲಿನಾ 32 ಬಿಟ್‌ನ ಪ್ರೋಗ್ರಾಂಗಳನ್ನು ಪೂರ್ತಿ ಕೈಬಿಟ್ಟಿದ್ದರಿಂದ ಬಹಳ ಹಳೆಯ ಟ್ಯಾಬ್ಲೆಟ್‌ಗಳ ಡ್ರೈವರ್‌ಗಳು ಅಲ್ಲಿಂದ ಮುಂದಕ್ಕೆ ಓಡುವುದೇ ಇಲ್ಲ.

ಐಪ್ಯಾಡ್ ಬಳಸುವವರಿಗೆ ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ ಹೇಳಲೇಬೇಕು. ಆ್ಯಪಲ್ ಪೆನ್ಸಿಲ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಪ್ರೊಕ್ರಿಯೇಟ್ ಎಂಬ ಚಿತ್ರ ಬರೆಯುವ ಆ್ಯಪ್ ಅನ್ನು ಅಳಿಸಿ ಮತ್ತೆ ಹಾಕಿಕೊಳ್ಳಬೇಡಿ. ನಿಮ್ಮ ಚಿತ್ರಗಳೆಲ್ಲ ಆ ಆ್ಯಪ್‌ನ ಒಳಗೇ ಇರುತ್ತವೆ. ಆ್ಯಪ್ ಅಳಿಸಿದರೆ ಚಿತ್ರಗಳೂ ಅದರ ಜೊತೆಯಲ್ಲೇ ಹೋಗುತ್ತವೆ. ವರ್ಷಗಳ ಕೆಲಸ ಒಂದು ಬೆರಳ ತುದಿಯ ಒತ್ತಿಗೆ ಹೋದ ಮೇಲೆ ಯಾರು ಏನು ಹೇಳಿದರೂ ಸಮಾಧಾನವಾಗದು. ಮೊದಲು ಪ್ರತಿಯೊಂದು ಚಿತ್ರವನ್ನೂ ಪ್ರೊಕ್ರಿಯೇಟ್ ಕಡತವಾಗಿಯೇ ಹೊರಗೆ ಪ್ರತಿ ಮಾಡಿಟ್ಟುಕೊಳ್ಳಿ. ಆಮೇಲೆ ಪೆನ್ಸಿಲ್‌ನ ತುದಿಯನ್ನು ತಿರುಗಿಸಿ ಬಿಗಿ ಮಾಡಿ, ಬ್ಲೂಟೂತ್ ಪಟ್ಟಿಯಿಂದ ಪೆನ್ಸಿಲನ್ನು ತೆಗೆದು ಮತ್ತೆ ಜೋಡಿಸಿ ನೋಡಿ. 2020ರ ಐಪ್ಯಾಡ್‌ಓಎಸ್ 14ರಲ್ಲಿ ಬಂದ ‘ಸ್ಕ್ರಿಬಲ್’ ಎಂಬ ಸೌಲಭ್ಯ ಪೆನ್ಸಿಲ್‌ನ ಬರಹವನ್ನು ಅಕ್ಷರವಾಗಿ ಬದಲಿಸಲು ಕಾಯುತ್ತಿರುತ್ತದೆ. ಸಣ್ಣ ಸಣ್ಣ ಗೆರೆಗಳು ತಪ್ಪಿಹೋಗುತ್ತಿದ್ದರೆ ಅದನ್ನು ಆಫ್ ಮಾಡಿ ಪರೀಕ್ಷಿಸಬಹುದು. ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ಗೆ ಒತ್ತಡ ಗುರುತಿಸುವ ಶಕ್ತಿ ಮೊದಲಿನಿಂದಲೂ ಇಲ್ಲ. ಹೊಸದಾಗಿ ಕೊಂಡವರು ಇದನ್ನು ಅಪ್‌ಡೇಟ್‌ನ ದೋಷವೆಂದು ತಿಳಿಯುವುದುಂಟು. ಐಪ್ಯಾಡ್‌ನಲ್ಲಿ ಹಿಂದಿನ ಆವೃತ್ತಿಗೆ ಮರಳುವ ದಾರಿ, ಆ್ಯಪಲ್ ಆ ಆವೃತ್ತಿಗೆ ಸಹಿ ಹಾಕುವುದನ್ನು (ಎಂದರೆ ಅದನ್ನು ಹಾಕಿಕೊಳ್ಳಲು ಒಪ್ಪಿಗೆ ಕೊಡುವುದನ್ನು) ನಿಲ್ಲಿಸಿದೊಡನೆ ಮುಚ್ಚಿಹೋಗುತ್ತದೆ. ಆದ್ದರಿಂದ ಇಲ್ಲಿ ರಿಪೇರಿಗಿಂತ ತಡೆಯುವುದೇ ಮುಖ್ಯ: ತಾನಾಗಿ ಆಗುವ ಅಪ್‌ಡೇಟನ್ನು ಆಫ್ ಮಾಡಿಡಿ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್‌ನ ಎಸ್ ಪೆನ್ನಿಗೂ ಗೆರೆ ಎಳೆಯಲು ಬ್ಯಾಟರಿ ಬೇಕಿಲ್ಲ. ಚಾರ್ಜ್ ಬೇಕಾಗುವುದು ಗಾಳಿಯಲ್ಲಿ ಮಾಡುವ ಸನ್ನೆಗಳಂಥ ಸೌಲಭ್ಯಗಳಿಗೆ. ಅಪ್‌ಡೇಟ್ ನಂತರ ಪರದೆಯ ಒಂದು ಭಾಗದಲ್ಲಿ ಮಾತ್ರ ಗೆರೆ ಬೀಳದಿದ್ದರೆ ಮೊದಲು ಅಯಸ್ಕಾಂತವಿರುವ ಕವರ್ ತೆಗೆದು ನೋಡಿ. ‘ಎಸ್ ಪೆನ್ ಟು ಟೆಕ್ಸ್ಟ್’ ಐಪ್ಯಾಡ್‌ನ ಸ್ಕ್ರಿಬಲ್‌ನಂಥದೇ, ಅದನ್ನೂ ಆಫ್ ಮಾಡಬಹುದು.

ಲಿನಕ್ಸ್‌ನಲ್ಲಿ ತೊಂದರೆಯ ಮೂಲ ಬಹುತೇಕ ಪರದೆಯನ್ನು ನಡೆಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ನಿಂದ (ಎಕ್ಸ್‌ಆರ್ಗ್) ಹೊಸದಾದ ವೇಲ್ಯಾಂಡ್‌ಗೆ ಆಗುತ್ತಿರುವ ಬದಲಾವಣೆ. ಎಕ್ಸ್‌ಸೆಟ್‌ವಾಕಮ್ ಎಂಬ ಆಜ್ಞೆ ಬಳಸಿ ಮಾಡಿಟ್ಟುಕೊಂಡ ಸೆಟ್ಟಿಂಗ್‌ಗಳು ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ಲಾಗಿನ್ ಪರದೆಯ ಚಕ್ರದ ಗುರುತನ್ನು ಒತ್ತಿ ಎಕ್ಸ್‌ಆರ್ಗ್ ಸೆಷನ್ ಆರಿಸಿಕೊಂಡರೆ ಅವು ಮರಳಿ ಬರುತ್ತವೆ. ಆದರೆ ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ 25.10 ಆವೃತ್ತಿಯಲ್ಲಿ ಆ ಸೆಷನ್ ಇಲ್ಲ. ಅದನ್ನು ನೆಚ್ಚಿಕೊಂಡವರು 24.04ರಲ್ಲಿಯೇ ಉಳಿಯುವುದು ಲೇಸು.

ಮಳೆಗಾಲಕ್ಕೆ ಮೊದಲಿನ ದಾಸ್ತಾನು

ಕಟ್ಟಿಗೆ ಒಟ್ಟುವುದು, ಹಪ್ಪಳ ಒಣಗಿಸುವುದು, ಉಪ್ಪಿನಕಾಯಿ ಹಾಕುವುದು ಎಲ್ಲವನ್ನೂ ಜೂನ್‌ಗೆ ಮೊದಲೇ ಮುಗಿಸುವ ಊರು ನಮ್ಮದು. ಆಗುಂಬೆ, ಹೊಸನಗರ, ತೀರ್ಥಹಳ್ಳಿಯ ಮಳೆಯಲ್ಲಿ ಮೆಸ್ಕಾಂನ ಲೈನ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ಯಾರೂ ಮುಂಚಿತವಾಗಿ ಹೇಳಲಾರರು. ಆದ್ದರಿಂದ ನಾನೂ ಪ್ರತಿ ವರ್ಷ ಮೇ ಕೊನೆಯಲ್ಲಿ, ಶಿವಮೊಗ್ಗದಲ್ಲಿ ಒಳ್ಳೆಯ ಇಂಟರ್ನೆಟ್ ಸಿಗುವ ಕಡೆ ಕುಳಿತು ಒಂದು ಪೆನ್‌ಡ್ರೈವ್ ತುಂಬಿಸಿಕೊಳ್ಳುತ್ತೇನೆ. ಅದರಲ್ಲಿ ಈಗ ಸರಿಯಾಗಿ ಓಡುತ್ತಿರುವ ಡ್ರೈವರ್‌ನ ಇನ್‌ಸ್ಟಾಲರ್, ಚಿತ್ರ ಬರೆಯುವ ಆ್ಯಪ್‌ನ ಇನ್‌ಸ್ಟಾಲರ್, ಡ್ರೈವರ್ ಸೆಟ್ಟಿಂಗ್‌ಗಳ ಬ್ಯಾಕಪ್, ಬ್ರಷ್‌ಗಳ ಪ್ರತಿ, ಮತ್ತು ಸೆಟ್ಟಿಂಗ್‌ನ ಪ್ರತಿಯೊಂದು ಪುಟದ ಫೋಟೋ ಇರುತ್ತವೆ. ಬ್ಯಾಕಪ್ ಕಡತವು ಬೇರೆ ಆವೃತ್ತಿಯ ಡ್ರೈವರ್‌ನಲ್ಲಿ ತೆರೆಯದೆ ಹೋದರೂ ಫೋಟೋ ನೋಡಿ ಕೈಯಿಂದ ಹೊಂದಿಸಿಕೊಳ್ಳಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಫೋಟೋಗಳೇ.

ವಿಂಡೋಸ್ ಅಪ್‌ಡೇಟನ್ನು ಸೆಟ್ಟಿಂಗ್‌ನಲ್ಲಿ 5 ವಾರಗಳವರೆಗೆ ನಿಲ್ಲಿಸಿಡುವ ಅವಕಾಶವಿದೆ. ದೊಡ್ಡ ಕೆಲಸ ಒಪ್ಪಿಕೊಂಡ ದಿನವೇ ಅದನ್ನು ಒತ್ತಿಡಿ. ಕೆಲಸ ಕೊಡುವ ದಿನಾಂಕ ಅದರೊಳಗೆ ಬರುವಂತೆ ಲೆಕ್ಕ ಹಾಕಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಆ ಸಂಪರ್ಕವನ್ನು ‘ಮೀಟರ್ಡ್’ (ಡೇಟಾಕ್ಕೆ ಮಿತಿಯಿರುವ ಸಂಪರ್ಕ) ಎಂದು ಗುರುತು ಮಾಡಿದರೆ ದೊಡ್ಡ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದು ಕಡಿಮೆಯಾಗುತ್ತದೆ, ಡೇಟಾ ಕೂಡ ಉಳಿಯುತ್ತದೆ. ಕೆಲಸ ಮುಗಿಸಿ ಕಳಿಸಿಯಾದ ಮೇಲೆ, ಮುಂದಿನ ಕೆಲಸಕ್ಕೆ ಇನ್ನೂ ಎರಡು ಮೂರು ದಿನ ಇರುವಾಗ, ಮೊದಲು ಸಿಸ್ಟಂ ರಿಸ್ಟೋರ್ ಪಾಯಿಂಟ್ (ಕೆಟ್ಟರೆ ಮರಳಬಹುದಾದ, ಉಳಿಸಿಟ್ಟ ಸ್ಥಿತಿ) ಮಾಡಿಟ್ಟು, ಬ್ಯಾಟರಿ ತುಂಬಿಸಿ, ಹಗಲು ಹೊತ್ತಿನಲ್ಲಿ ಅಪ್‌ಡೇಟ್ ಹಾಕಿ. ಗುಡುಗು ಕೇಳಿಸುತ್ತಿರುವಾಗ ಹಾಕಬೇಡಿ; ಸಿಡಿಲಿನ ಭಯಕ್ಕೆ ಪ್ಲಗ್ ಕೀಳಬೇಕಾಗುತ್ತದೆ, ಅರ್ಧದಲ್ಲಿ ಬ್ಯಾಟರಿ ಮುಗಿದು ನಿಂತ ಅಪ್‌ಡೇಟ್ ವಿಂಡೋಸನ್ನೇ ಕೆಡಿಸಬಹುದು. ಆಪರೇಟಿಂಗ್ ಸಿಸ್ಟಂ, ಡ್ರೈವರ್, ಆ್ಯಪ್ ಮೂರನ್ನೂ ಒಂದೇ ದಿನ ಹೊಸದು ಮಾಡಬೇಡಿ. ಒಂದೊಂದರ ನಡುವೆ ಒಂದು ದಿನದ ಕೆಲಸವಾದರೂ ನಡೆಯಲಿ.

ಪ್ರತಿ ಸಲ ಪರೀಕ್ಷಾ ಹಾಳೆ ಸರಿಯಾಗಿ ಬಂದಾಗ ಅದರ ಮೂಲೆಯಲ್ಲಿ ದಿನಾಂಕ, ವಿಂಡೋಸ್‌ನ ಆವೃತ್ತಿ, ಡ್ರೈವರ್‌ನ ಆವೃತ್ತಿ, ಆ್ಯಪ್‌ನ ಆವೃತ್ತಿ ಮತ್ತು ವಿಂಡೋಸ್ ಇಂಕ್‌ಗೆ ಟಿಕ್ ಇದೆಯೇ ಇಲ್ಲವೇ ಎಂಬುದನ್ನು ಬರೆದು ಉಳಿಸಿಕೊಳ್ಳಿ. ಕಂಪನಿಗೆ ದೂರು ಬರೆಯಬೇಕಾಗಿ ಬಂದರೆ ಸರಿಯಿದ್ದಾಗಿನ ಹಾಳೆ ಮತ್ತು ಕೆಟ್ಟ ನಂತರದ ಹಾಳೆ, ಎರಡನ್ನೂ ಜೊತೆಯಲ್ಲಿಟ್ಟು ಕಳಿಸಿ. ‘ಪೆನ್ನು ಸರಿಯಿಲ್ಲ’ ಎಂದಷ್ಟೇ ಬರೆದರೆ ರೀಸ್ಟಾರ್ಟ್ ಮಾಡಿದಿರಾ ಎಂಬ ಪ್ರಶ್ನೆಯಿಂದಲೇ ಅವರು ಶುರುಮಾಡುತ್ತಾರೆ. ಯಾವ ಆವೃತ್ತಿಯಲ್ಲಿ ಒತ್ತಡ ಬರುತ್ತಿತ್ತು, ಯಾವುದರಲ್ಲಿ ಹೋಯಿತು ಎಂಬುದು ಹಾಳೆಯ ಮೇಲೆಯೇ ಇದ್ದರೆ ಅವರಿಗೆ ಹುಡುಕಬೇಕಾದ ಜಾಗ ತಿಳಿಯುತ್ತದೆ, ನಿಮಗೂ ಮರಳಬೇಕಾದ ಆವೃತ್ತಿ ಯಾವುದೆಂಬುದು ಕಣ್ಣೆದುರೇ ಇರುತ್ತದೆ.